ಡಿಸೆಂಬರ್‌ನಲ್ಲಿ ಫಿಲಿಪೀನ್ಸ್‌ಗೆ ಹೋಗಿ, ನಸುಕಿನಲ್ಲಿ ಏಳಿ

ಫಿಲಿಪೀನ್ಸ್‌ಗೆ ಯಾವಾಗ ಹೋದರೆ ಚೆನ್ನ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಡಿಸೆಂಬರ್ 16ರಿಂದ 24ರ ಒಳಗೆ ಅಲ್ಲಿರಿ. ಬೊರಾಕಾಯ್, ಪಲವಾನ್ ಕಡಲತೀರಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಚರ್ಚುಗಳಲ್ಲಿ ಪೂಜೆ ನಡೆಯುವ ಈ ಒಂಬತ್ತು ನಸುಕುಗಳು ಮಾತ್ರ ವರ್ಷಕ್ಕೆ ಒಂದೇ ಸಲ.

ನನ್ನವರ ಕೆಲಸದ ದೆಸೆಯಿಂದ ನಾಲ್ಕು ವರ್ಷ ನಾವು ಮನಿಲಾದ ದಕ್ಷಿಣಕ್ಕಿರುವ ಲಾಸ್ ಪಿನ್ಯಾಸ್‌ನಲ್ಲಿದ್ದೆವು. ಮೊದಲ ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಅಜ್ಜಿ ಬೆಳಗಿನ ಜಾವ ಮೂರೂವರೆಗೆ ಬಾಗಿಲು ತಟ್ಟಿ ನನ್ನನ್ನು ಚರ್ಚಿಗೆ ಕರೆದುಕೊಂಡು ಹೋದರು. ಅಜ್ಜಿಗೆ ಅಲ್ಲಿ ಲೋಲಾ ಎನ್ನುತ್ತಾರೆ. ಕತ್ತಲು, ತಣ್ಣನೆ ಗಾಳಿ, ಮಕ್ಕಳು ಮರಿ ಸಮೇತ ನಡೆದು ಬರುವ ಜನ. ನನಗೆ ಉಡುಪಿಯಲ್ಲಿ ಅಮ್ಮನ ಕೈ ಹಿಡಿದು ಧನು ಪೂಜೆಗೆ ಹೋಗುತ್ತಿದ್ದದ್ದು ನೆನಪಾಯಿತು. ಧನುರ್ಮಾಸವೂ ಹೆಚ್ಚುಕಡಿಮೆ ಡಿಸೆಂಬರ್ 16ಕ್ಕೇ ಶುರು, ಅಲ್ವಾ?

ಈ ಪೂಜೆಗಳ ಹೆಸರು ಸಿಂಬಾಂಗ್ ಗಾಬಿ. ಹೊಲದ ಕೆಲಸಕ್ಕೆ ಹೋಗುವ ರೈತರಿಗೆ ಅನುಕೂಲವಾಗಲಿ ಎಂದು ಸ್ಪೇನ್ ಆಳ್ವಿಕೆಯ ಕಾಲದಲ್ಲಿ ಇಷ್ಟು ಬೇಗ ಇಟ್ಟರಂತೆ. ಒಂಬತ್ತೂ ದಿನ ತಪ್ಪಿಸದೆ ಹೋದರೆ ಬೇಡಿಕೊಂಡದ್ದು ಆಗುತ್ತದೆ ಎಂದು ನಂಬುತ್ತಾರೆ. ನಿಮಗೆ ಒಂದು ದಿನ ಸಾಕು. ಹಿಂದಿನ ಸಂಜೆಯೇ ಹತ್ತಿರದ ಚರ್ಚಿಗೆ ಹೋಗಿ ಸಮಯ ಕೇಳಿಕೊಳ್ಳಿ, ನಾಲ್ಕು ಗಂಟೆಯ ಆಸುಪಾಸು ಇರುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ, ಇಲ್ಲದಿದ್ದರೆ ಅಂಗಳದಲ್ಲೇ ನಿಲ್ಲಬೇಕಾಗುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ. ಬೇರೆ ಧರ್ಮದವರು ಕೂತು ನೋಡಬಹುದು, ಯಾರೂ ಏನೂ ಅನ್ನುವುದಿಲ್ಲ. ಎಲ್ಲರೂ ಎದ್ದಾಗ ಏಳಿ. ಆದರೆ ಪರಮಪ್ರಸಾದದ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ, ಅದು ಕಥೋಲಿಕರಿಗೆ ಮಾತ್ರ. ಫ್ಲಾಶ್ ಹಾಕಿ ಫೋಟೊ ತೆಗೆಯುವುದೂ ಬೇಡ.

ಎಲ್ಲಿ ನೋಡಬೇಕು? ಮನಿಲಾದ ಹಳೇ ಕೋಟೆ ಇಂಟ್ರಾಮುರೋಸ್‌ನ ಒಳಗೆ 1607ರಲ್ಲಿ ಕಟ್ಟಿ ಮುಗಿಸಿದ ಸಾನ್ ಅಗಸ್ಟಿನ್ ಚರ್ಚ್ ಇದೆ. ಚೆನ್ನಾಗಿದೆ. ಆದರೆ ನನ್ನ ಮನಸ್ಸು ಲಾಸ್ ಪಿನ್ಯಾಸ್ ಕಡೆಗೇ. ಅಲ್ಲಿಯ ಚರ್ಚಿನಲ್ಲಿ ಬಿದಿರಿನ ಕೊಳವೆಗಳ ಆರ್ಗನ್ ವಾದ್ಯ ಇದೆ. ದಿಯೇಗೊ ಸೆರಾ ಎಂಬ ಪಾದ್ರಿ ಅದನ್ನು ಮಾಡಿ ಮುಗಿಸಿದ್ದು 1824ರಲ್ಲಿ. 1031 ಕೊಳವೆಗಳಲ್ಲಿ 902 ಬಿದಿರಿನವು. ಅದರ ದನಿ ಕೊಳಲಿನ ಹಾಗೆ ಮೆತ್ತಗೆ.

ಪೂಜೆ ಮುಗಿದ ಮೇಲೆ ಹೋಟೆಲಿಗೆ ಓಡಬೇಡಿ. ಚರ್ಚಿನ ಹೊರಗೆ ಸಾಲಾಗಿ ತಿಂಡಿ ಅಂಗಡಿಗಳು ಇರುತ್ತವೆ, ಅಲ್ಲೇ ಅರ್ಧ ಹಬ್ಬ. ಮೊದಲು ಪುಟೊ ಬುಂಬೊಂಗ್ ತೆಗೆದುಕೊಳ್ಳಿ. ನೇರಳೆ ಬಣ್ಣದ ಅಂಟಕ್ಕಿಯನ್ನು ಬಿದಿರಿನ ಕೊಳವೆಯಲ್ಲಿ ಹಬೆಯಲ್ಲಿ ಬೇಯಿಸಿ, ಮೇಲೆ ಕಾಯಿತುರಿ, ಕಂದು ಸಕ್ಕರೆ, ಮಾರ್ಗರಿನ್ ಹಾಕಿ ಕೊಡುತ್ತಾರೆ. ನಮ್ಮ ಪುಟ್ಟಿನ ತಂಗಿ ಎನ್ನಬಹುದು. ಬಿಬಿಂಗ್ಕಾ ಇನ್ನೊಂದು. ಅಕ್ಕಿ ಹಿಟ್ಟು, ತೆಂಗಿನ ಹಾಲು, ಮೊಟ್ಟೆ ಕಲಸಿದ ಹಿಟ್ಟನ್ನು ಬಾಳೆಲೆ ಹಾಸಿದ ಮಣ್ಣಿನ ಪಾತ್ರೆಗೆ ಹೊಯ್ದು, ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಹೀಗೇ ಕೆಂಡದಲ್ಲಿ ಬೇಯಿಸುವ ಗೆಂಡದ ಅಡ್ಯೆಯನ್ನು ಅಜ್ಜಿ ಮನೆಯಲ್ಲಿ ತಿಂದವರಿಗೆ ಆ ಹೊಗೆವಾಸನೆ ಗೊತ್ತೇ ಇದೆ. ಮೊಟ್ಟೆ ತಿನ್ನದವರಿಗೆ ಇದು ಆಗುವುದಿಲ್ಲ. ಜೊತೆಗೆ ಸಲಾಬಾತ್ ಕುಡಿಯಿರಿ, ಬೆಲ್ಲ ಹಾಕಿದ ಶುಂಠಿ ಕಷಾಯದ ಹಾಗೇ ಇರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಅಲ್ಲಿ ತರಕಾರಿ ಪಲ್ಯ ಎಂದರೂ ಒಳಗೆ ಬಾಗೊಓಂಗ್ ಎಂಬ ಉಪ್ಪು ಹಾಕಿ ಹುಳಿಸಿದ ಸಿಗಡಿ ಅಥವಾ ಹಂದಿ ಮಾಂಸದ ಚೂರು ಇರುವುದು ಜಾಸ್ತಿ. ಪಿನಕ್ಬೆಟ್ ನೋಡಿದರೆ ಬದನೆ, ಬೆಂಡೆ, ಹಾಗಲ, ಕುಂಬಳ. ನಮ್ಮದೇ ಅಡುಗೆ ಅನ್ನಿಸುತ್ತದೆ, ಆದರೆ ಅದರಲ್ಲೂ ಬಾಗೊಓಂಗ್ ಇರುತ್ತದೆ. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಲೈಂಗ್‌ಗೂ ಒಣಮೀನೋ ಸಿಗಡಿಯೋ ಬಿದ್ದಿರುತ್ತದೆ. ಸುಮ್ನೆ 'ವೆಜಿಟೇರಿಯನ್' ಅಂದರೆ ಸಾಲದು. 'ಹಿಂದಿ ಪೊ ಅಕೊ ಕುಮಕಾಯಿನ್ ನಂಗ್ ಕರ್ನೆ, ಇಸ್ದಾ, ಹೀಪೊನ್' ಎಂದು ಹೇಳಿ. ಮಾಂಸ, ಮೀನು, ಸಿಗಡಿ ತಿನ್ನುವುದಿಲ್ಲ ಎಂದರ್ಥ. ಅಲ್ಲಿ 'ಹಿಂದಿ' ಎಂದರೆ 'ಇಲ್ಲ'.

ಆ ವಾಕ್ಯದ 'ಪೊ' ಇದೆಯಲ್ಲ, ಅದೊಂದನ್ನು ಕಲಿತರೆ ಅರ್ಧ ಊರು ನಿಮ್ಮದು. ನಾವು 'ರೀ' ಸೇರಿಸುವ ಹಾಗೆ ಅವರು ದೊಡ್ಡವರ ಜೊತೆಯೂ ಅಪರಿಚಿತರ ಜೊತೆಯೂ 'ಪೊ' ಸೇರಿಸುತ್ತಾರೆ. ಜೀಪ್ನಿ ಎಂಬ ಅಲ್ಲಿಯ ಪುಟ್ಟ ಬಸ್ಸಿನಲ್ಲಿ ದುಡ್ಡು ಕೊಡುವಾಗ 'ಬಾಯಾದ್ ಪೊ' ಎಂದು ಪಕ್ಕದವರ ಕೈಗೆ ಕೊಡಿ, ಅದು ಕೈಯಿಂದ ಕೈಗೆ ಡ್ರೈವರ್‌ಗೆ ತಲುಪುತ್ತದೆ. ಇಳಿಯಬೇಕಾದಲ್ಲಿ 'ಪಾರಾ ಪೊ'. ಅಂಗಡಿಯ ಹುಡುಗಿಗೆ 'ಆತೆ' ಎಂದರೆ ಅಕ್ಕ, ಡ್ರೈವರ್‌ಗೆ 'ಕೂಯಾ' ಎಂದರೆ ಅಣ್ಣ. ಯಾರದ್ದಾದರೂ ಮನೆಗೆ ಹೋದರೆ ಬಾಗಿಲಲ್ಲಿ ಚಪ್ಪಲಿ ನೋಡಿ, ಎಲ್ಲರೂ ಬಿಟ್ಟಿದ್ದರೆ ನೀವೂ ಬಿಡಿ. ಒಳಗೆ ಹಿರಿಯರಿದ್ದರೆ 'ಮಾನೊ ಪೊ' ಎಂದು ಅವರ ಕೈ ಹಿಡಿದು, ಬಾಗಿ, ನಿಮ್ಮ ಹಣೆಗೆ ಮುಟ್ಟಿಸಿಕೊಳ್ಳಿ. ನಮ್ಮ ಲೋಲಾಗೆ ನಾನು ಮೊದಲ ಸಲ ಹೀಗೆ ಮಾಡಿದಾಗ ಅವರ ಕಣ್ಣು ತುಂಬಿತ್ತು.

ಪರೋಲ್ ನೋಡದೆ ಬರಬೇಡಿ. ಬಿದಿರು ಕಡ್ಡಿ, ಬಣ್ಣದ ಕಾಗದದ ನಕ್ಷತ್ರದ ಗೂಡುದೀಪ ಅದು, ಪ್ರತಿ ಮನೆಯ ಮುಂದೆ ಇರುತ್ತದೆ. ಮನಿಲಾದ ಉತ್ತರಕ್ಕೆ, ಪಂಪಾಂಗಾದ ಸಾನ್ ಫೆರ್ನಾಂಡೊದಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ದೊಡ್ಡ ಪರೋಲ್‌ಗಳ ಸ್ಪರ್ಧೆ ನಡೆಯುತ್ತದೆ. ಒಂದೊಂದೂ ಸುಮಾರು 20 ಅಡಿ ಅಗಲ, ಒಳಗೆ ಸಾವಿರಾರು ಬಲ್ಬು. ಹಿಂದೆ ನಿಂತವರು ದೊಡ್ಡ ಉಕ್ಕಿನ ಡ್ರಮ್ಮುಗಳನ್ನು ಕೈಯಲ್ಲೇ ತಿರುಗಿಸುತ್ತಾರೆ, ಹಾಡಿಗೆ ತಕ್ಕಂತೆ ದೀಪಗಳು ಕುಣಿಯುತ್ತವೆ. ಮುಂದೆ ನೋಡಿದ ಮೇಲೆ ಹಿಂದಕ್ಕೂ ಹೋಗಿ ಆ ಡ್ರಮ್ಮು ನೋಡಿ. ಆ ವರ್ಷದ ದಿನಾಂಕ ಮೊದಲೇ ತಿಳಿದುಕೊಳ್ಳಿ. ಮಧ್ಯಾಹ್ನವೇ ಹೊರಡಿ, ಡಿಸೆಂಬರ್‌ನಲ್ಲಿ ಮನಿಲಾ ರಸ್ತೆ ಅಲುಗಾಡುವುದೇ ಇಲ್ಲ.

24ರ ರಾತ್ರಿ ಎಲ್ಲರೂ ಮನೆ ಸೇರಿ ನೋಚೆ ಬುಯೆನಾ ಊಟಕ್ಕೆ ಕೂರುತ್ತಾರೆ. ನಿಮ್ಮನ್ನು ಕರೆದರೆ ಖಂಡಿತ ಹೋಗಿ, ಬರಿಗೈಯಲ್ಲಿ ಮಾತ್ರ ಹೋಗಬೇಡಿ. ನಾನು ಮೈಸೂರು ಪಾಕ್ ಒಯ್ಯುತ್ತಿದ್ದೆ. ಯಾರೂ ಕರೆಯದಿದ್ದರೆ ಊಟಕ್ಕೆ ಬೇಕಾದ್ದನ್ನು ಮಧ್ಯಾಹ್ನವೇ ತಂದಿಟ್ಟುಕೊಳ್ಳಿ.

ವಾಪಸು ಬರುವಾಗ ಕಪೀಸ್ ಎಂಬ ಕಡಲ ಚಿಪ್ಪಿನ ಪರೋಲ್ ಒಂದು ತನ್ನಿ. ಚಿಪ್ಪು ತೆಳು, ಒತ್ತಿದರೆ ಒಡೆಯುತ್ತದೆ. ಹತ್ತಿ ಟವೆಲ್‌ನಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಲ್ಲಿಯದೂ 220 ವೋಲ್ಟ್ ಕರೆಂಟೇ, ಚಪ್ಪಟೆ ಪಿನ್ನಿನ ಪ್ಲಗ್ ಬದಲಿಸಿದರೆ ಇಲ್ಲಿ ಉರಿಯುತ್ತದೆ. ನಮ್ಮದನ್ನು ದೀಪಾವಳಿಗೆ ಜಗಲಿಯಲ್ಲಿ ಕಟ್ಟುತ್ತೇವೆ, ಕ್ರಿಸ್‌ಮಸ್ ಕಳೆದ ಮೇಲೇ ಇಳಿಸುವುದು.