ಕಾದಂಬರಿಯ ಸುಳಿವು ಗರಿಯ ತೂತಿನಲ್ಲಿತ್ತು

ನನ್ನ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಇಲ್ಲ. ಕಾಣೆಯಾಗಿರುವುದು ಒಂದು ಓಲೆಗರಿ. ಕಾವ್ಯ ಬರೆದವಳ ಹೆಸರು ಇದ್ದದ್ದು ಅದರಲ್ಲೇ.

ಇಂಥದ್ದು ಬರೆಯಬೇಕು ಅನ್ನಿಸಿದ್ದು ಅರ್ಥಶಾಸ್ತ್ರ ಸಿಕ್ಕಿದ ಕಥೆ ಓದಿದ ಮೇಲೆ. ಕೌಟಿಲ್ಯನ ಆ ಗ್ರಂಥ ಕಳೆದೇ ಹೋಯಿತು ಅಂದುಕೊಂಡಿದ್ದರು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಓಲೆಗರಿಯ ಕಟ್ಟೊಂದನ್ನು ಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದೇನೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅಷ್ಟು ಶತಮಾನ ಯಾರೋ ಅದನ್ನು ಮತ್ತೆ ಮತ್ತೆ ನಕಲು ಮಾಡಿ ಉಳಿಸಿದ್ದರು, ಅಲ್ವಾ? ಆ ಹೆಸರಿಲ್ಲದವರು ನನ್ನ ತಲೆಯಲ್ಲಿ ಕೂತುಬಿಟ್ಟರು.

ಮೊದಲ ಕರಡಿನಲ್ಲಿ ಒಬ್ಬ ಅಜ್ಜ ಕೊನೆಗೆ ಗುಟ್ಟೆಲ್ಲ ಹೇಳಿಬಿಡುತ್ತಿದ್ದರು. ಓದಿದ ಅಕ್ಕ, "ಅವರಿಗೆ ಮೊದಲೇ ಗೊತ್ತಿದ್ದರೆ ನಾನ್ಯಾಕೆ ಇಷ್ಟೆಲ್ಲ ಓದಬೇಕಿತ್ತು ಕಣೇ?" ಅಂದಳು. ಸರಿಯಾದ ಮಾತು. ಆ ಅಧ್ಯಾಯವನ್ನೇ ತೆಗೆದೆ.

ಆಮೇಲೆ ಊರಿಗೆ ಹೋದಾಗ ಚಿಕ್ಕಪ್ಪ ಅಟ್ಟದಿಂದ ಓಲೆಗರಿ ಕಟ್ಟೊಂದನ್ನು ಇಳಿಸಿಕೊಟ್ಟರು. ಕಂಟದಿಂದ, ಅಂದರೆ ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಚೂಪು ಕಡ್ಡಿಯಿಂದ, ಕೊರೆದು ಮಸಿ ತೀಡಿದ ಅಕ್ಷರ. ದಾರ ಪೋಣಿಸಲು ಮಾಡಿದ ತೂತುಗಳ ಜೊತೆಗೆ ಹುಳು ಕೊರೆದ ತೂತುಗಳೂ ಇದ್ದವು. ಒಂದೊಂದೇ ಗರಿ ಮಗುಚುತ್ತಾ ಹೋದೆ. ಹುಳುವಿನ ತೂತು ಒಂದು ಗರಿಯಿಂದ ಮುಂದಿನದಕ್ಕೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಸಾಗಿತ್ತು. ನಡುವೆ ಒಂದು ಗರಿ ಹಿಂದುಮುಂದಾದರೂ ಆ ದಾರಿ ತಪ್ಪುತ್ತದೆ. ಆಮೇಲೆ ಸೇರಿಸಿದ ಗರಿಯಾದರೆ ಅಲ್ಲಿ ತೂತೇ ಇರುವುದಿಲ್ಲ! ಕೈಬರಹವನ್ನು ಯಾರಾದರೂ ಅನುಕರಿಸಬಹುದು, ಹುಳು ನಡೆದ ದಾರಿಯನ್ನು ಅನುಕರಿಸುವುದು ತುಂಬಾ ಕಷ್ಟ.

ಮನೆಗೆ ಬಂದವಳೇ ರಟ್ಟಿನ ಪಟ್ಟಿಗಳನ್ನು ಕತ್ತರಿಸಿ, ಒಟ್ಟಿಗೆ ಹಿಡಿದು ದಬ್ಬಳದಿಂದ ಓರೆಯಾಗಿ ಚುಚ್ಚಿದೆ. ಕಲಸಿ, ಮತ್ತೆ ಜೋಡಿಸಿ ನೋಡಿದೆ. ಅಕ್ಷರ ನೋಡದೆಯೇ ಕ್ರಮ ಸಿಕ್ಕಿತು. ನನಗೆ ಆಗಿದ್ದು ಓದುಗರಿಗೂ ಆಗುತ್ತದೆ ಅನ್ನುವ ಧೈರ್ಯ ಬಂತು.

ಹಾಗಾಗಿ ಕೊನೆಯ ದೃಶ್ಯವನ್ನೇ ಮೊದಲು ಬರೆದೆ. ಕಾವ್ಯ ಬರೆದವಳ ಹೆಸರಿನ ಗರಿಯ ಜಾಗದಲ್ಲಿ ಯಾರೋ ಸೇರಿಸಿಟ್ಟ, ಗಂಡಸಿನ ಹೆಸರಿರುವ ಗರಿಯನ್ನು ಕಥೆಯ ಹುಡುಗಿ ಕಟ್ಟಿನಿಂದ ತೆಗೆಯುತ್ತಾಳೆ. ಅದರಲ್ಲಿ ಹುಳುವಿನ ತೂತಿಲ್ಲ. ಆ ಜಾಗಕ್ಕೆ ತನಗೆ ಸಿಕ್ಕಿದ, ಕಾಣೆಯಾಗಿದ್ದ ಗರಿ ಇಟ್ಟು, ಹಿಂದುಮುಂದಿನ ಎರಡು ಗರಿಗಳ ಜೊತೆ ಕಿಟಕಿಗೆ ಹಿಡಿಯುತ್ತಾಳೆ. ಮೂರನ್ನೂ ದಾಟಿ ಒಂದು ಚುಕ್ಕೆ ಬೆಳಕು ಅವಳ ಅಂಗೈ ಮೇಲೆ ಬೀಳುತ್ತದೆ.