ಬಾಗಿಲಾಚೆ ನಿಂತದ್ದನ್ನು ತೋರಿಸದೆ

ವಿಜಯಪುರದಲ್ಲಿ ಕುಳಿತು ಪತ್ತೇದಾರಿ ಕಥೆ ಬರೆಯತೊಡಗಿದಾಗ ನನ್ನ ಕಣ್ಣ ಮುಂದಿದ್ದವರು ಎನ್. ನರಸಿಂಹಯ್ಯನವರು. ನಾಲ್ಕನೆಯ ಇಯತ್ತೆಯವರೆಗಷ್ಟೇ ಓದಿ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಅವರಿಂದ, ಓದುಗ ಪುಟ ಮಗುಚುವಂತೆ ಪ್ರಕರಣವನ್ನು ಎಲ್ಲಿ ಕಡಿಯಬೇಕೆಂಬುದನ್ನು ಕಲಿತೆ.

ಭಯವನ್ನು ಕಲಿಸಿದವನು ಮಾತ್ರ ಇಂಗ್ಲಿಷ್ ಕಥೆಗಾರ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್. ನಾವಿಕರ ನಗೆಗಥೆಗಳಿಗೆ ಹೆಸರಾಗಿದ್ದ ಈತ 1902ರಲ್ಲಿ ‘ದಿ ಮಂಕೀಸ್ ಪಾ’ ಎಂಬ ಕಥೆ ಪ್ರಕಟಿಸಿದ. ಮೂರು ವರ ಕೊಡುವ ಒಣಗಿದ ಕೋತಿಪಂಜದಲ್ಲಿ ಮುದುಕನೊಬ್ಬ 200 ಪೌಂಡ್ ಬೇಡುತ್ತಾನೆ. ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ ಅಷ್ಟೇ ಹಣ ಬರುತ್ತದೆ. ಮಗ ಮರಳಿ ಬರಲೆಂದು ಹೆಂಡತಿ ಹಟ ಹಿಡಿದು ಎರಡನೆಯ ವರ ಬೇಡಿಸಿದ ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ. ಮೇಲಿನ ಅಗುಳಿ ಎಟುಕದೆ ಆಕೆ ಕುರ್ಚಿ ಎಳೆಯುತ್ತಾಳೆ, ಮುದುಕ ಕೊನೆಯ ವರ ಬೇಡಲು ನೆಲದಲ್ಲಿ ಪಂಜ ತಡಕಾಡುತ್ತಾನೆ. ಬಾಗಿಲು ತೆರೆದಾಗ ಬೀದಿ ಖಾಲಿ. ಅಗುಳಿ ಎಟುಕದ ಪರದಾಟ ಅಸಲಿಗೆ ನಗೆಗಥೆಯ ಸರಕು. ಅದನ್ನೇ ಜೇಕಬ್ಸ್ ಇಲ್ಲಿ ಉಸಿರುಗಟ್ಟಿಸಲು ಬಳಸಿದ್ದಾನೆ.

ನನ್ನ ಕಥೆಯಲ್ಲಿ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬ ಕೊಲೆಯ ಸಂಚು ಉಸುರುತ್ತಾನೆ, ಎದುರು ಬದಿಯಲ್ಲಿದ್ದವನಿಗೆ ಅದು ಕೇಳಿಸುತ್ತದೆ. ಬರೆದ ಮೇಲೆ ಪರೀಕ್ಷಿಸಲು ರಜೆಯ ದಿನ ಹೋದೆ. ಶಾಲೆಯ ಮಕ್ಕಳ ‘ಹೋ’ ಎಂಬ ಕೂಗು ಮತ್ತೆ ಮತ್ತೆ ಮರುದನಿಸಿ, ಪಕ್ಕದವನ ಮಾತೂ ಕೇಳಲಿಲ್ಲ. ಮಧ್ಯಾಹ್ನ ನಡೆಯುತ್ತಿದ್ದ ನನ್ನ ಸಂಚು ಅಲ್ಲಿಗೇ ಕುಸಿಯಿತು. ಇನ್ನೊಂದು ದಿನ, ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆಯೇ, ಮೂಲೆಯ ಗೋಪುರದ ಮೆಟ್ಟಿಲು ಹತ್ತಿ, ಗೆಳೆಯನನ್ನು ಆಚೆ ಬದಿಗೆ ಕಳಿಸಿ ಗೋಡೆಗೆ ಕಿವಿಗೊಟ್ಟು ಕುಳಿತೆ. ಕಿವಿಯ ಪಕ್ಕದಲ್ಲೇ ಉಸುರಿದಂತೆ, “ಸಾಕಪಾ, ಚಹಾ ಕುಡ್ಯೂಣು ನಡಿ” ಎಂಬ ಮಾತು ಬಂತು. ಅದು ಅವನದೇ ಎಂದು ಗೊತ್ತಿದ್ದೂ ನಾನು ಹಿಂದಿರುಗಿ ನೋಡಿದೆ.

ಮನೆಗೆ ಬಂದು ಕಥೆಯ ಹೊತ್ತನ್ನು ನಸುಕಿಗೆ ಬದಲಿಸಿದೆ. ಅಷ್ಟು ಪ್ರೀತಿಯಿಂದ ಬರೆದಿದ್ದ ಕೊಲೆಗಾರನ ಮುಖವರ್ಣನೆ ಅರ್ಧ ಪುಟವಿತ್ತು, ಅದನ್ನು ಹೊಡೆದುಹಾಕಿದೆ. ಸಂಚಿನ ಉದ್ದನೆಯ ಮಾತೂ ಹೋಯಿತು. ಈಗ ನಾಯಕನಿಗೆ ಕೇಳುವುದು ಚಹಾದ ಕರೆಯೊಂದೇ. ಕರೆದವನು ತನ್ನ ಗೆಳೆಯನೇ ಇರಬೇಕೆಂದು ನಗುತ್ತ ಕೆಳಗಿಳಿದು ಬಂದರೆ, ಗೆಳೆಯ ಮೇಲೆ ಹತ್ತಿಯೇ ಇರುವುದಿಲ್ಲ, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಇವನನ್ನೇ ಕಾಯುತ್ತಿರುತ್ತಾನೆ.