ಟ್ಯಾನ್ ಕಡ್ಡಿ ಪರದೆ ದಾಟಿ ಹೋದಾಗ

ನಾನು ಮೊದಲು ಮಾಡಿದ ಅನಿಮೇಶನ್ ನೋಡಲು ಚೆನ್ನಾಗಿಯೇ ಇತ್ತು. ತ್ರಿಕೋನಮಿತಿಯ ಸೈನ್, ಕೊಸೈನ್, ಟ್ಯಾನ್ ಮೂರಕ್ಕೂ ಒಂದೊಂದು ಬಣ್ಣ. ಮೂರು ಗ್ರಾಫ್‌ಗಳೂ ಎಡದಿಂದ ಬಲಕ್ಕೆ ಓಡುತ್ತಿದ್ದವು. ಎರಡು ಅಲೆ, ಆಗಾಗ ಮೇಲಕ್ಕೆ ಹಾರಿ ಕೆಳಗಿನಿಂದ ಮತ್ತೆ ಹತ್ತುವ ಒಂದು ಗೆರೆ. ಆದರೆ ಇವು ಮೂರಕ್ಕೂ ಏನು ನಂಟು? ಅದು ಮಾತ್ರ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಗ್ರಾಫ್‌ಗಳನ್ನೆಲ್ಲ ಅಳಿಸಿದೆ. ತ್ರಿಜ್ಯ 1 ಇರುವ ಒಂದು ವೃತ್ತ, ಅದರ ಮೇಲೆ ಸುತ್ತುವ ಒಂದು ಬಿಂದು, ಇಷ್ಟೇ ಉಳಿಸಿಕೊಂಡೆ. ಪ್ರೋಗ್ರಾಮ್‌ನಲ್ಲಿ ಬದಲಾಗುವುದು ಬಿಂದು ಎಷ್ಟು ಸುತ್ತಿದೆ ಅನ್ನುವ ಕೋನ ತೀಟಾ ಒಂದೇ. ಮಿಕ್ಕಿದ್ದೆಲ್ಲ ಅದರಿಂದಲೇ ಹುಟ್ಟಬೇಕು ಅಂತ ಹಟ ಹಿಡಿದೆ. ಬಿಂದುವಿನಿಂದ ಅಡ್ಡ ಅಕ್ಷಕ್ಕೆ ಇಳಿಬಿಟ್ಟ ಕಡ್ಡಿ ಸೈನ್. ಕೇಂದ್ರದಿಂದ ಆ ಕಡ್ಡಿಯ ಬುಡದವರೆಗೆ ಕೊಸೈನ್.

ಬಳಸಿದ್ದು ಪೈಥಾನ್ ಭಾಷೆ ಮತ್ತು ಅದರಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್. ಶುರುವಿನಲ್ಲಿ ಎಡವಿದ್ದೇ ಜಾಸ್ತಿ. ವೃತ್ತ ಮೊಟ್ಟೆಯ ಹಾಗೆ ಕಂಡಿತು, ಯಾಕೆಂದರೆ ಎರಡೂ ಅಕ್ಷಗಳ ಅಳತೆಯನ್ನು ಸಮ ಮಾಡಿರಲಿಲ್ಲ. ಅನಿಮೇಶನ್ ಅಲುಗಾಡಲೇ ಇಲ್ಲ. ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡದಿದ್ದರೆ ಪೈಥಾನ್ ಕಸ ಅಂತ ಗುಡಿಸಿಬಿಡುತ್ತದೆ! ಪ್ರತಿ ಸುತ್ತಿನ ಕೊನೆಗೆ ಬಿಂದು ಒಂಚೂರು ತಡೆದು ಮುಂದೆ ಹೋಗುತ್ತಿತ್ತು. 0 ಮತ್ತು 2π, ಅಂದರೆ ಸುತ್ತಿನ ಶುರು ಮತ್ತು ಕೊನೆ, ಎರಡನ್ನೂ ಫ್ರೇಮ್‌ಗಳಲ್ಲಿ ಸೇರಿಸಿದ್ದೆ, ಒಂದೇ ಜಾಗ ಎರಡು ಸಲ ಬರುತ್ತಿತ್ತು. ಕೊನೆಯದನ್ನು ಬಿಟ್ಟೆ, ಸರಿಹೋಯಿತು. ಇನ್ನು ರೇಡಿಯನ್ (ಕೋನವನ್ನು ತ್ರಿಜ್ಯದ ಲೆಕ್ಕದಲ್ಲಿ ಅಳೆಯುವ ಮಾನ) ಕೊಡಬೇಕಾದ ಕಡೆ ಡಿಗ್ರಿ ಕೊಟ್ಟು ಸರಿಯುತ್ತರ ಕಾದು ಕೂತದ್ದನ್ನು ಹೇಳಲೇಬೇಕಿಲ್ಲ. ಎಲ್ಲರೂ ಮಾಡುವ ತಪ್ಪು ಅದು.

ಕೊಸೈನ್ ಅಲೆ ನನ್ನನ್ನು ಸ್ವಲ್ಪ ಕಾಡಿತು. ಸೈನ್ ಅಲೆ ಸುಲಭ. ವೃತ್ತದ ಬಲಕ್ಕೆ ಅದನ್ನು ಬಿಚ್ಚುತ್ತಾ ಹೋದರೆ ಬಿಂದುವಿಗೂ ಅಲೆಗೂ ನಡುವೆ ಒಂದು ಅಡ್ಡಗೆರೆ ಸಾಕು, ಎರಡರದ್ದೂ ಒಂದೇ ಎತ್ತರ. ಕೊಸೈನ್ ಅನ್ನೂ ಅಲ್ಲೇ ಹಾಕಿದರೆ ಈ ಗೆರೆ ಸೊಟ್ಟಗಾಗುತ್ತದೆ, ಯಾಕೆಂದರೆ ಅದು ಎತ್ತರವೇ ಅಲ್ಲ, ಅಡ್ಡ ಅಳತೆ. ಹಾಗಾಗಿ ಆ ಅಲೆಯನ್ನು ವೃತ್ತದ ಕೆಳಗೆ ನೇತುಹಾಕಿದೆ. ಈಗ ಬಿಂದುವಿನಿಂದ ಒಂದು ಗೆರೆ ಬಲಕ್ಕೆ, ಒಂದು ಕೆಳಕ್ಕೆ. ಬಿಂದು ತುತ್ತತುದಿಗೆ ಬಂದಾಗ ಬಲಗಡೆಯ ಅಲೆ ಶಿಖರದಲ್ಲಿ, ಕೆಳಗಿನದು ಸೊನ್ನೆಯಲ್ಲಿ. ಕಾಲು ಸುತ್ತಿನ ವ್ಯತ್ಯಾಸ ಅಂದರೆ ಇದೇ, ಅಲ್ವಾ?

ಟ್ಯಾನ್‌ಗೆ ಬಂದಾಗ ನಿಜವಾದ ಮಜಾ. ವೃತ್ತದ ಬಲತುದಿಯಲ್ಲಿ ಒಂದು ನೆಟ್ಟನೆಯ ಸ್ಪರ್ಶಕ, ಅಂದರೆ ವೃತ್ತವನ್ನು ಒಂದೇ ಕಡೆ ಮುಟ್ಟುವ ಗೆರೆ, ಎಳೆದೆ. ಕೇಂದ್ರದಿಂದ ಬಿಂದುವಿನ ಮೂಲಕ ಹೋಗುವ ಗೆರೆಯನ್ನು ಅಲ್ಲಿಯವರೆಗೂ ಚಾಚಿದೆ. ಅದು ಸ್ಪರ್ಶಕವನ್ನು ಮುಟ್ಟುವ ಎತ್ತರವೇ ಟ್ಯಾನ್. ಒಳಗಿನ ಚಿಕ್ಕ ತ್ರಿಕೋನವೂ ಹೊರಗಿನ ದೊಡ್ಡ ತ್ರಿಕೋನವೂ ಸಮರೂಪ, ದೊಡ್ಡದರ ಪಾದ 1. ಸೈನ್ ಅನ್ನು ಕೊಸೈನ್‌ನಿಂದ ಭಾಗಿಸಿದರೆ ಟ್ಯಾನ್ ಅಂತ ಉರು ಹೊಡೆದದ್ದು ಕಣ್ಣೆದುರಿಗೇ ಇತ್ತು. ಚಾಚಿದ ಆ ಗೆರೆಯ ಉದ್ದವೇ ಸೆಕೆಂಟ್. ದೊಡ್ಡ ತ್ರಿಕೋನಕ್ಕೆ ಪೈಥಾಗೊರಸ್ ಹಚ್ಚಿದರೆ 1 + ಟ್ಯಾನ್² = ಸೆಕ್². ಹೊಸದಾಗಿ ಏನನ್ನೂ ಬರೆಯಬೇಕಾಗಲಿಲ್ಲ.

ಕಡ್ಡಿಯ ಓಟವನ್ನು ನೋಡಬೇಕು. 60 ಡಿಗ್ರಿಗೆ 1.73. 80ಕ್ಕೆ 5.67. 89ಕ್ಕೆ 57.29. ಬಿಂದು ಒಂದೇ ವೇಗದಲ್ಲಿ ಸಾಗುತ್ತಿದ್ದರೂ ಕಡ್ಡಿ ಪರದೆ ದಾಟಿ ಹೋಗಿಬಿಡುತ್ತದೆ. 90ರಲ್ಲಿ ಗೆರೆ ಸ್ಪರ್ಶಕಕ್ಕೆ ಸಮಾಂತರ, ಮುಟ್ಟುವ ಮಾತೇ ಇಲ್ಲ. ಕಂಪ್ಯೂಟರ್ ಮಾತ್ರ ಇದನ್ನು ಒಪ್ಪುವುದಿಲ್ಲ. π/2, ಅಂದರೆ ರೇಡಿಯನ್‌ನಲ್ಲಿ 90 ಡಿಗ್ರಿ, ಅದಕ್ಕೆ ಕರಾರುವಾಕ್ಕಾಗಿ ಸಿಗುವುದಿಲ್ಲವಲ್ಲ, 17 ಅಂಕಿಗಳ ಒಂದು ಸಂಖ್ಯೆಯನ್ನು ಧೈರ್ಯವಾಗಿ ಕೊಡುತ್ತದೆ. 90 ದಾಟಿದ ಮೇಲೆ ಗೆರೆಯನ್ನು ಹಿಂದಕ್ಕೆ ಚಾಚಬೇಕು, ಆಗ ಅದು ಸ್ಪರ್ಶಕವನ್ನು ಕೆಳಗೆ ಮುಟ್ಟುತ್ತದೆ. ಟ್ಯಾನ್ ಋಣವಾಗುವುದು ಹೀಗೆ. ಹಿಂದಕ್ಕೆ ಚಾಚಿದ ಭಾಗಕ್ಕೆ ತುಂಡುಗೆರೆ ಕೊಟ್ಟೆ. ಟ್ಯಾನ್ ಬೆಲೆಗಳನ್ನು ಪಕ್ಕದಲ್ಲಿ ಗ್ರಾಫ್ ಆಗಿಯೂ ಬಿಡಿಸಿದ್ದೆ, ಅದರಲ್ಲಿ ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಸೇರಿಸುವ ಒಂದು ಸುಳ್ಳು ಗೆರೆ ಬರುತ್ತಿತ್ತು. ಬೆಲೆ ತೀರಾ ದೊಡ್ಡದಾದ ಕಡೆ ಸಂಖ್ಯೆ ತೆಗೆದು ಖಾಲಿ ಬಿಟ್ಟೆ, ಗೆರೆ ಹೋಯಿತು.

ಒಂದು ದಿನ ಸುಮ್ನೆ ಸೈನ್ ಕಡ್ಡಿಯ ಪ್ರತಿಬಿಂಬವನ್ನು ಅಕ್ಷದ ಕೆಳಗೂ ಎಳೆದೆ. ವೃತ್ತದ ತುಂಡು ಬಿಲ್ಲಿನಂತೆ, ಕಡ್ಡಿ ಅದರ ಹೆದೆಯಂತೆ ಕಂಡಿತು. ಸಂಸ್ಕೃತದಲ್ಲಿ ‘ಜ್ಯಾ’ ಅಂದರೆ ಹೆದೆ ಅನ್ನುವುದು ಗೊತ್ತಿತ್ತು, ಕಂಡದ್ದು ಆವತ್ತೇ. ಸೈನ್ ಅಂದರೆ ಅರ್ಧಜ್ಯಾ, ಅರ್ಧ ಹೆದೆ. 499ರ ಆರ್ಯಭಟೀಯದಲ್ಲಿ 24 ಅರ್ಧಜ್ಯಾಗಳ ಲೆಕ್ಕವಿದೆ. ಅದಕ್ಕೆ ಹೊಂದುವ ತ್ರಿಜ್ಯ 3438. ಸುತ್ತಳತೆಯನ್ನು 21600 ಕಲೆಗಳೆಂದು (ಒಂದು ಕಲೆ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಹಿಡಿದರೆ ತ್ರಿಜ್ಯ ಅಷ್ಟೇ ಬರುತ್ತದೆ. ಕಂಸಕ್ಕೂ ತ್ರಿಜ್ಯಕ್ಕೂ ಒಂದೇ ಅಳತೆಗೋಲು. ನಾನು ಮರೆತು ಒದ್ದಾಡಿದ ರೇಡಿಯನ್‌ನ ಹಿಂದಿರುವುದೂ ಇದೇ ಯೋಚನೆ.

ನನಗೆ ಅತಿ ಇಷ್ಟವಾದದ್ದು ಕೊನೆಗೆ ಸೇರಿಸಿದ ಬಾಣ. ಬಿಂದು ಸಾಗುವ ದಿಕ್ಕಿಗೆ, ತ್ರಿಜ್ಯಕ್ಕೆ ಲಂಬವಾಗಿ, ಉದ್ದ 1. ಅದು ತ್ರಿಜ್ಯವನ್ನೇ ಕಾಲು ಸುತ್ತು ತಿರುಗಿಸಿದ ಹಾಗೆ. ಬಾಣದ ಎತ್ತರ ಎಷ್ಟು? ತ್ರಿಜ್ಯದ ಅಡ್ಡ ಅಳತೆಯಷ್ಟು, ಅಂದರೆ ಕೊಸೈನ್. ಸೈನ್ ಏರುವ ವೇಗ ಅದೇ. ಬಿಂದು ಬಲತುದಿಯಲ್ಲಿದ್ದಾಗ ಬಾಣ ನೆಟ್ಟಗೆ ನಿಂತಿರುತ್ತದೆ, ಸೈನ್ ಅತಿ ಜೋರಾಗಿ ಏರುತ್ತಿರುತ್ತದೆ. ತುತ್ತತುದಿಯಲ್ಲಿ ಬಾಣ ಮಲಗುತ್ತದೆ, ಏರಿಕೆ ನಿಲ್ಲುತ್ತದೆ.

ಕೊಟ್ಯಾನ್ (1/ಟ್ಯಾನ್), ಕೊಸೆಕ್ (1/ಸೈನ್) ಇವಕ್ಕೆ ವೃತ್ತದ ತಲೆಯ ಮೇಲೆ ಒಂದು ಅಡ್ಡ ಸ್ಪರ್ಶಕ ಬೇಕು. ಸೇರಿಸಿ ನೋಡಿದೆ. ಆರು ಬಣ್ಣದ ಕಡ್ಡಿಗಳು ಸೇರಿ ಚಿತ್ರ ಕಲಸುಮೇಲೋಗರವಾಯಿತು. ಈಗ ಅವೆರಡಕ್ಕೂ ಒಂದು ಬಟನ್ ಇಟ್ಟಿದ್ದೇನೆ, ಒತ್ತಿದರೆ ಮಾತ್ರ ಬರುತ್ತವೆ.